ಸ್ವಂತ ಗಾಡಿಗೆ ಕ್ಲೀನರ್

ನಿನ್ನೆ ಚಿಂತಾಮಣಿಯ ಗೃಹಪ್ರವೇಶವೊಂದರಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ, ನನ್ನ ಎಡಕ್ಕೆ ಕುಳಿತಿದ್ದ ಹಿರಿಯರೊಬ್ಬರು ಬಾಯಿ ಬಿಟ್ಟರು. "ಸ್ವಂತ ಗಾಡಿಗೆ ತಾನೇ ಕ್ಲೀನರ್ ಆದವನನ್ನು ನನ್ನ ಜನ್ಮದಲ್ಲಿ ಇವನೊಬ್ಬನನ್ನೇ ನೋಡಿದ್ದು!" ಇಡೀ ಸಾಲು ನಕ್ಕಿತು. ತುಪ್ಪದ ಗಿಂಡಿ ಹಿಡಿದಿದ್ದವನೂ ನಕ್ಕ. ಎದುರು ಸಾಲಿನಲ್ಲಿದ್ದ ಹುಡುಗ ತಲೆ ತಗ್ಗಿಸಿ ಕೋಸಂಬರಿಯ ಬೇಳೆಯನ್ನು ಒಂದೊಂದಾಗಿ ಆರಿಸಿ ತಿಂದ. ನಾನೂ ಅರ್ಧ ನಕ್ಕಿದ್ದೆ. ಅದು ರಾತ್ರಿ ಹಾಸಿಗೆಯಲ್ಲಿ ನೆನಪಾಗಿ ನಿದ್ದೆ ಹತ್ತಲಿಲ್ಲ. ಈ ಬರಹದ ಕೋಪದಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಹುಡುಗನ ಹೆಸರು ಹಾಕುವುದಿಲ್ಲ. ಶ್ರೀನಿವಾಸಪುರದ ಕಡೆಯವನು, 19 ವರ್ಷ. ನಾನು ನಿವೃತ್ತನಾಗುವ ಮೊದಲಿನ ಕೊನೆಯ ಬ್ಯಾಚಿನಲ್ಲಿದ್ದ. ಪಿಯುಸಿ ಪಾಸಾದ. ಆದರೆ ಫಿಸಿಕ್ಸ್‌ನಲ್ಲಿ ಅವನಿಗೆ ಬಂದ ಅಂಕ ಹೇಳಿದರೆ ಅವನಿಗಿಂತ ನನ್ನ ಮಾನವೇ ಹೆಚ್ಚು ಹೋಗುತ್ತದೆ. ಮುಂದಕ್ಕೆ ಓದಲಿಲ್ಲ. ತಾಯಿಯ ಚೀಟಿ ಹಣ, ಒಂದು ಬೆಳೆ ಟೊಮೆಟೊದಲ್ಲಿ ಉಳಿದದ್ದು, ಮಿಕ್ಕದ್ದಕ್ಕೆ ಫೈನಾನ್ಸ್ ಸಾಲ, ಇಷ್ಟನ್ನು ಸೇರಿಸಿ 2016ರ ಮಾಡೆಲ್ಲಿನ ಬೊಲೆರೊ ಪಿಕಪ್ ಕೊಂಡ. ಸೆಕೆಂಡ್ ಹ್ಯಾಂಡ್, ಡೀಸೆಲ್, ಬಿಳಿ ಬಣ್ಣ, ಹಿಂದಿನ ಬಾಗಿಲಿನಲ್ಲಿ ಹಳೆಯ ಮಾಲೀಕರ ಮಕ್ಕಳ ಹೆಸರು.

ಅವನು ಕ್ಲೀನರ್ ಸೀಟಿನಲ್ಲಿ ಏಕೆ ಕೂರುತ್ತಾನೆ ಎಂದು ಆ ಪಂಕ್ತಿಯಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಮೇಷ್ಟ್ರಾಗಿದ್ದ ತಪ್ಪಿಗೆ ನಾನೇ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 18 ತುಂಬಿದವರು ಕಾರು ಓಡಿಸಬಹುದು. ಸಾರಿಗೆ ವಾಹನವನ್ನು, ಅಂದರೆ ಹಳದಿ ಬೋರ್ಡಿನ ಗಾಡಿಯನ್ನು, ರಸ್ತೆಯ ಮೇಲೆ ಓಡಿಸಬೇಕಾದರೆ 20 ತುಂಬಿರಬೇಕು. ಕೊಳ್ಳುವುದಕ್ಕೆ ಮಾತ್ರ 18 ಸಾಕು. ಆದ್ದರಿಂದ ಹುಡುಗ ಮಾಲೀಕನಾಗಬಹುದು, ಚಾಲಕನಾಗುವಂತಿಲ್ಲ. ಹದಿನೈದು ವರ್ಷ ಲಾರಿ ಓಡಿಸಿ ಸೊಂಟ ಹಿಡಿಸಿಕೊಂಡು ಮನೆಯಲ್ಲಿದ್ದ ಸೋದರಮಾವನನ್ನು ದಿನಗೂಲಿ ಕೊಟ್ಟು ಕರೆದುಕೊಂಡು ಬಂದ. ಮಾವ ಸ್ಟೇರಿಂಗ್ ಹಿಡಿಯುತ್ತಾರೆ, ಇವನು ಎಡಗಡೆ ಕುಳಿತು ಹಗ್ಗ, ಟಾರ್ಪಾಲು, ಲೆಕ್ಕ ನೋಡಿಕೊಳ್ಳುತ್ತಾನೆ. ಹೊಲದ ಒಳಗೆ ಹಿಂದೆ ಮುಂದೆ ತೆಗೆದು ಕೈ ಪಳಗಿಸಿಕೊಳ್ಳುತ್ತಾನಂತೆ. ಟಾರು ರಸ್ತೆ ಬಂದಕೂಡಲೇ ಇಳಿದು ಎಡಗಡೆಗೆ.

ನಗಬೇಕಾದದ್ದು ಇದಕ್ಕೆಯೇ?

ಇನ್ನು ಆ ನಗೆಯ ಒಡೆಯರ ವಿಷಯ. ಮಾತು ಮುಗಿಸಿ ಕೈ ತೊಳೆಯಲು ಎದ್ದವರು ತಮ್ಮ ಮಗನನ್ನು ಕೂಗಿ, ಐಸ್‌ಕ್ರೀಮ್ ಸಾಲದು, ಹೋಗಿ ಇನ್ನೊಂದು ಡಬ್ಬ ತಾ ಎಂದು ಬೈಕಿನ ಕೀಲಿ ಎಸೆದರು. ಮಗ ಹತ್ತನೇ ತರಗತಿ. ಹಿಂದೆ ಇಬ್ಬರನ್ನು ಕೂರಿಸಿಕೊಂಡು ಶಾಮಿಯಾನದ ಹಗ್ಗ ತಪ್ಪಿಸಿ ಬುರ್ರೆಂದು ಹೋದ. ಅಪ್ಪನ ಮುಖದಲ್ಲಿ ಏನು ಹೆಮ್ಮೆ! ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು ಎಂದು 2019ರ ತಿದ್ದುಪಡಿ ಹೇಳುತ್ತದೆ. ಹೇಳುತ್ತದೆ, ಅಷ್ಟೆ. ಕಾನೂನು ಮುರಿದ ಮಗ ಹೀರೊ, ಕಾನೂನಿಗೆ ತಲೆಬಾಗಿ ಎಡಗಡೆ ಕುಳಿತವನು ಕ್ಲೀನರ್.

ಗಾಡಿ ನೋಡಲು ಹೋದ ದಿನ ಹುಡುಗ ನನ್ನನ್ನೂ ಕರೆದಿದ್ದ. ನನ್ನ ಸಲಹೆಗಲ್ಲ, ನನ್ನ ನರೆಗೂದಲಿಗೆ. ಜೊತೆಯಲ್ಲಿ ದೊಡ್ಡವರಿದ್ದರೆ ಬ್ರೋಕರ್ ಬಾಯಿಗೆ ಬಂದ ರೇಟು ಹೇಳುವುದಿಲ್ಲ ಎಂಬ ಲೆಕ್ಕ. ಮುಳಬಾಗಿಲು ರಸ್ತೆಯ ಒಂದು ಶೆಡ್ಡು. ಬ್ರೋಕರ್ ಕೀಲಿ ತಿರುಗಿಸಿದ, ಇಂಜಿನ್ ಒಂದೇ ಏಟಿಗೆ ಹಿಡಿಯಿತು. "ನೋಡಿ ಸರ್, ಹೂವಿನಂತಿದೆ" ಎಂದ. ನಾನು ತಲೆಯಾಡಿಸಿದೆ. ಹುಡುಗ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತ. ಆಮೇಲೆ, "ಅಣ್ಣ, ಗಾಡಿ ಈಗಾಗಲೇ ಬಿಸಿ ಇದೆ. ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತೇವೆ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದ. ಬ್ರೋಕರನ ಮುಖ ನೋಡಬೇಕಿತ್ತು.

ಮರುದಿನ ಬೆಳಗಿನ ಚಳಿಯಲ್ಲಿ ಅದೇ ಹೂವು ನಾಲ್ಕು ಸಲ ಕೆಮ್ಮಿ ಐದನೇ ಸಲಕ್ಕೆ ಎದ್ದಿತು. ಇವನು ನೇರ ಸೈಲೆನ್ಸರ್ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತ. ಮೊದಲು ಬಂದ ಬಿಳಿ ಹೊಗೆ ಒಂದೆರಡು ನಿಮಿಷಕ್ಕೆ ನಿಂತಿತು. ನೀಲಿ ಇರಲಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ, ಇಂಜಿನ್ ಬಿಚ್ಚಿಸಬೇಕು, ಸಾಲದ ಮೇಲೆ ಸಾಲ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಒಳಗಿನಿಂದ ಹೊಗೆ ದಬ್ಬುತ್ತದೆಯೇ ಎಂದು ನೋಡಿದ. ಅಳತೆ ಕಡ್ಡಿ ಎಳೆದು ಆಯಿಲನ್ನು ಎರಡು ಬೆರಳಿನ ನಡುವೆ ತಿಕ್ಕಿದ. ಆಮೇಲೆ ಗೋಣಿಚೀಲ ಹಾಸಿ ಅಂಗಾತ ಮಲಗಿ ಟಾರ್ಚು ಹಿಡಿದು ಚಾಸಿಯ ಕೆಳಗೆ ನುಸುಳಿದ. ಒಂದು ಕಡೆ ಮಾತ್ರ ಕಪ್ಪು ಬಣ್ಣ ಹೊಸದಾಗಿತ್ತು. ಅಲ್ಲಿ ವೆಲ್ಡಿಂಗ್ ಆಗಿದೆ ಎಂದು ಕೆಳಗಿನಿಂದಲೇ ಕೂಗಿದ. ಅದೊಂದು ಕೂಗಿಗೆ 22,000 ರೂಪಾಯಿ ಇಳಿಯಿತು. ಇಷ್ಟು ಹೊತ್ತು ನಿಮ್ಮ ಈ ಎಂ.ಎಸ್ಸಿ. ಪದವೀಧರ ಗೇಟಿನ ಹತ್ತಿರ ಟೀ ಕುಡಿಯುತ್ತ ನಿಂತಿದ್ದ.

ಕಾಗದಪತ್ರ ನಾನು ನೋಡುತ್ತೇನೆ ಎಂದು ಮುಂದೆ ಬಂದರೆ ಅಲ್ಲಿಯೂ ನನಗೆ ಕೆಲಸ ಉಳಿಸಿರಲಿಲ್ಲ. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹಳೆಯ ಫೈನಾನ್ಸಿನ ಹೆಸರು ಹಾಗೆಯೇ ಇತ್ತು. ಸಾಲ ತೀರಿದೆ ಎನ್ನುವ ಅವರ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಮುಂಗಡ ಬಿಟ್ಟು ಒಂದು ಪೈಸೆ ಹೆಚ್ಚು ಕೊಡುವುದಿಲ್ಲ, ಗಾಡಿಯನ್ನು ಇವನ ಹೆಸರಿಗೆ ಮಾಡಿಸುವ 29 ಮತ್ತು 30ನೇ ಫಾರಂಗಳಿಗೆ ಮಾಲೀಕರೇ ಎದುರಿನಲ್ಲಿ ಸಹಿ ಹಾಕಬೇಕು ಎಂದು ಪಟ್ಟು ಹಿಡಿದ. "ಇವನು ಆರ್‌ಟಿಓ ಮಗನಾ?" ಎಂದು ಬ್ರೋಕರ್ ನನ್ನನ್ನು ಕೇಳಿದ. ನನ್ನ ವಿದ್ಯಾರ್ಥಿ ಎಂದು ಎದೆಯುಬ್ಬಿಸಿ ಹೇಳಿದೆ. ಸುಳ್ಳಲ್ಲ. ಆದರೆ ಅವನು ಕಲಿತದ್ದರಲ್ಲಿ ನನ್ನ ಪಾಲೇನೂ ಇರಲಿಲ್ಲ.

ಹುಡುಗನನ್ನು ದೇವರು ಮಾಡಲು ಹೊರಟಿಲ್ಲ. ಗಾಡಿ ಬಂದ ಮೊದಲ ತಿಂಗಳು ಹಿಂದಿನ ಎರಡು ಟೈರು ಬೋಳು ತಲೆಯಂತಿರುವಾಗ ಇವನು ಹೋಗಿ ಎದೆ ನಡುಗಿಸುವ ಸ್ಪೀಕರ್ ಹಾಕಿಸಿಕೊಂಡು ಬಂದ. ಮೂರು ದನಿಯ ಹಾರ್ನ್ ಬೇರೆ. ಬೈದೆ. ಎರಡು ದಿನ ಫೋನ್ ಎತ್ತಲಿಲ್ಲ, ಆಮೇಲೆ ಹೊಸ ಟೈರಿನ ಫೋಟೊ ಕಳಿಸಿದ. ಸ್ಪೀಕರ್ ಈಗಲೂ ಇದೆ. ಮುಖದ ಮೇಲೆ ಹೊಡೆದಂತೆ ಮಾತನಾಡುತ್ತಾನೆ, ಅದೂ ಇದೆ.

ಆದರೆ ಡ್ಯಾಶ್‌ಬೋರ್ಡಿನಲ್ಲಿ ಅವನು ಇಟ್ಟಿರುವ 100 ಪುಟದ ನೋಟ್‌ಬುಕ್ಕನ್ನು ನಾನು ಓದಿದ್ದೇನೆ. ಯಾವ ತಾರೀಕು, ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದ್ದು. ಗ್ರೀಸ್ ಹೊಡೆಸಿದ್ದು. ಗಾಳಿಯ ಫಿಲ್ಟರ್ ಉದುರಿಸಿದಾಗ ಬಿದ್ದ ಮಣ್ಣು 'ಒಂದು ಹಿಡಿ'. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು, ಅದರ ತಾರೀಕಿಗೆ ಕೆಂಪು ಗೆರೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ತೆರಿಗೆ ಏರಿ ಡೀಸೆಲ್ಲಿಗೆ 2 ರೂಪಾಯಿ ಹೆಚ್ಚಾದಾಗ ಕೋಲಾರ ಮಾರುಕಟ್ಟೆಗೆ ಒಂದು ಟ್ರಿಪ್ಪಿಗೆ ಎಷ್ಟು ಹೊಡೆತ ಬಿತ್ತು ಎಂಬ ಲೆಕ್ಕ ಒಂದಿಡೀ ಪುಟ. ಟೊಮೆಟೊ ಪೆಟ್ಟಿಗೆ ಒಂದಕ್ಕೆ 15 ಕೆಜಿ, ಇವನ ಗಾಡಿಗೆ 80 ಪೆಟ್ಟಿಗೆ. ಒಂದು ಕಡೆ 110 ಎಂದು ಬರೆದು ಅದರ ಮುಂದೆ 'ಪಟ್ಟಿ ಮುರಿಯಿತು, ಬುದ್ಧಿ ಬಂತು' ಎಂದಿದೆ. ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗಿನ ಪಟ್ಟಿ. ಬಂದದ್ದು ಯಾರಿಗೆ ಬುದ್ಧಿ, ಅವನಿಗೋ ಮಾವನಿಗೋ, ಬರೆದಿಲ್ಲ.

ಮಾವಿನ ಕಾಲದಲ್ಲಿ ಒಂದು ರಾತ್ರಿ ಗಾಡಿ ನಡುದಾರಿಯಲ್ಲಿ ನಿಂತಿತು. ಡೀಸೆಲ್ ತಳ ಕಂಡು ಪೈಪಿಗೆ ಗಾಳಿ ಸೇರಿತ್ತು. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರೂ ಇಂಜಿನ್ ಹಿಡಿಯಲಿಲ್ಲ. ಮಾವ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತಿರುವಾಗ ಇವನು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪು ಒತ್ತಿ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಸ್ಕ್ರೂ ಬಿಗಿ ಮಾಡಿದನಂತೆ. ಗಾಡಿ ಎದ್ದಿತು. ಇದನ್ನು ನನಗೆ ವಿವರಿಸುತ್ತ ಹೇಳಿದ: "ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ ಸರ್, ಗಾಳಿ ಕುಗ್ಗುತ್ತದೆ. ಗಾಳಿ ಸೇರಿದರೆ ಪಂಪು ಒತ್ತಿದ್ದೆಲ್ಲ ಗಾಳಿ ಕುಗ್ಗಿಸುವುದಕ್ಕೇ ಹೋಗುತ್ತದೆ, ಇಂಜಿನ್ನಿಗೆ ಏನೂ ಮುಟ್ಟುವುದಿಲ್ಲ." ಇದನ್ನೇ ನಾನು 31 ವರ್ಷ ಬೋರ್ಡಿನ ಮೇಲೆ ಬರೆದೆ. ಗಾಳಿಯನ್ನು 16ರಿಂದ 18 ಪಟ್ಟು ಒತ್ತಿದರೆ ಬರುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಅದಕ್ಕೆ ಕಿಡಿ ಬೇಕಿಲ್ಲ ಎಂಬುದನ್ನೂ ಬರೆದೆ. ಇಂಜಿನ್ ಒಂದನ್ನು ತರಗತಿಗೆ ತಂದು ತೋರಿಸಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ನನ್ನ ಕಾರಿನ ಬಾನೆಟ್ ತೆರೆಯುವ ಹಿಡಿ ಯಾವ ಕಡೆ ಇದೆ ಎಂದು ತೋರಿಸಿದವನೂ ಈ ಹುಡುಗನೇ. ಕೂಲೆಂಟ್ ಖಾಲಿಯಾಗಿತ್ತು. "ಹೀಗೆ ಓಡಿಸಿದರೆ ಹೆಡ್ ಹೋಗುತ್ತದೆ ಸರ್" ಎಂದ. ಯಾರ ಹೆಡ್ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಕೆಲವರು ಕೆಳಗೆ ಬರೆಯುವುದು ಗೊತ್ತು: ನಿಮ್ಮ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್, ಊರಿನ ಹುಡುಗರು ಮಾತ್ರ ಗಾಡಿ ತೊಳೆಯಬೇಕೇ? ಪ್ರಶ್ನೆ ಚುಚ್ಚುತ್ತದೆ, ಒಪ್ಪುತ್ತೇನೆ. ಬಾಡಿಗೆ ಗಾಡಿಯ ಬದುಕು ಕಷ್ಟದ್ದೇ. ಎರಡು ಕಂತು ತಪ್ಪಿದರೆ ಸೀಜ್ ಮಾಡುವವರು ಮನೆ ಮುಂದೆ ನಿಲ್ಲುತ್ತಾರೆ, ಒಂದು ಅಪಘಾತವಾದರೆ ಹತ್ತು ವರ್ಷದ ದುಡಿಮೆ ನೀರಿಗೆ. ಆದರೆ ಓದು ಮುಖ್ಯ ಎಂದು ಆ ಪಂಕ್ತಿಯಲ್ಲಿ ಯಾರೂ ಹೇಳಲಿಲ್ಲವಲ್ಲ! ಹೇಳಿದ್ದರೆ ವಾದ ಮಾಡಬಹುದಿತ್ತು. ಅವರಿಗೆ ನಗು ಬಂದದ್ದು ಅವನು ಓದಲಿಲ್ಲ ಎಂದಲ್ಲ, ಎಡಗಡೆ ಕುಳಿತ ಎಂದು. ಸ್ಟೇರಿಂಗ್ ಹಿಡಿದು ಪೊಲೀಸರ ಕೈಗೆ ಐನೂರು ತುರುಕಿ ಓಡಾಡಿದ್ದರೆ 'ಹುಡುಗ ಚುರುಕು' ಎನ್ನುತ್ತಿದ್ದರು. ಎಲೆಕ್ಟ್ರಿಕ್ ಗಾಡಿ ಕೊಳ್ಳಬೇಕಿತ್ತು, ಡೀಸೆಲ್ಲಿನ ಕಾಲ ಮುಗಿಯಿತು ಎನ್ನುವ ನನ್ನ ಅಣ್ಣನ ಮಗನಿಗೆ ಉತ್ತರ ಇಷ್ಟೆ: ಉಳಿದ ಹಣ ನೀನು ಕೊಡು ಮಾರಾಯ.

ಇನ್ನೊಂದು ವಿಷಯ ಬರೆಯದೆ ಹೋದರೆ ನಾನೂ ಆ ಹಿರಿಯರ ಸಾಲಿನವನೇ. ಮಗಳಿಗೆ 16 ಆದಾಗ ಟ್ಯೂಷನ್ನಿಗೆ ತಡವಾಗುತ್ತದೆಂದು ಸ್ಕೂಟರಿನ ಕೀಲಿ ಕೊಟ್ಟವನು ನಾನು. ಒಂದೂವರೆ ವರ್ಷ ಓಡಿಸಿದಳು. ಒಮ್ಮೆ ಬಿದ್ದು ಮೊಣಕೈ ತರಚಿಕೊಂಡು ಬಂದಳು, ಮೆಟ್ಟಿಲಿನಲ್ಲಿ ಜಾರಿದಳು ಎಂದು ನೆರೆಮನೆಯವರಿಗೆ ಹೇಳಿದೆವು. ನಿನ್ನೆ ಎಸೆದ ಕೀಲಿಯ ಸದ್ದು ಕಿವಿಗೆ ಅಷ್ಟು ಜೋರಾಗಿ ಬಿದ್ದದ್ದು ಅದಕ್ಕೇ ಇರಬೇಕು.

ಊಟ ಮುಗಿದು ಎಲೆ ಅಡಿಕೆ ಆಗುವಾಗ ಅದೇ ಹಿರಿಯರು ಹುಡುಗನ ಹೆಗಲ ಮೇಲೆ ಕೈ ಹಾಕಿದರು. ಹಳೆಯ ಮನೆಯಿಂದ ಬೀರು, ಮಂಚ, ಫ್ರಿಜ್ಜು ಇಲ್ಲಿಗೆ ಬರಬೇಕಂತೆ. "ನೀನು ನಮ್ಮ ಹುಡುಗನೇ ಅಲ್ಲವೇನಪ್ಪಾ, ಡೀಸೆಲ್ ಹಾಕಿಸಿಬಿಡುತ್ತೇನೆ, ಬಾ." ಹುಡುಗ ಜೇಬಿನಿಂದ ಮೊಬೈಲ್ ತೆಗೆದು ಕಿಲೋಮೀಟರ್ ನೋಡಿದ. "ಎರಡು ಟ್ರಿಪ್ ಆಗುತ್ತದೆ ದೊಡ್ಡಪ್ಪ. ಟ್ರಿಪ್ಪಿಗೆ 1,400. ಹತ್ತಿಸಿ ಇಳಿಸಲು ಇಬ್ಬರು ಆಳು, ಅವರಿಗೆ ಬೇರೆ. ಡ್ರೈವರ್ ಬಾಟಾ 300." ಡ್ರೈವರ್ ಯಾರು, ನಿಮ್ಮ ಮಾವನೇ ತಾನೇ ಎಂದರು ಅವರು.

"ಹೌದು" ಎಂದ ಹುಡುಗ. "ಕ್ಲೀನರ್ ಮಾತ್ರ ಪುಕ್ಕಟೆ."