ಪಳಗಿದ ಕೈಯ ನೆನಪು

ತಲೆಗೆ ಪೆಟ್ಟು ಬಿದ್ದು ಯಾರಿಗಾದರೂ ಮರೆವು ಬಂದರೆ, ಅವರ ಎದುರಿಗೇ ‘ಪಾಪ, ನೆನಪೆಲ್ಲ ಹೋಗಿದೆ’ ಎಂದುಬಿಡುತ್ತೇವೆ. ಈ ‘ಎಲ್ಲ’ ಎಂಬ ಮಾತು ನನ್ನನ್ನು ನೋಯಿಸುತ್ತದೆ, ಏಕೆಂದರೆ ಅದು ನಿಜವಲ್ಲ. ಅದನ್ನು ತೋರಿಸಿಕೊಟ್ಟವರು ಅಮೆರಿಕದ ಕನೆಕ್ಟಿಕಟ್‌ನ ಹೆನ್ರಿ ಮೊಲೇಸನ್.

ಔಷಧಿಗೆ ಬಗ್ಗದ ಮೂರ್ಛೆರೋಗವನ್ನು ತಡೆಯಲೆಂದು 1953ರಲ್ಲಿ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್, 27 ವರ್ಷದ ಹೆನ್ರಿಯವರ ಮಿದುಳಿನ ಎರಡೂ ಪಕ್ಕಗಳಿಂದ, ಹೊಸ ನೆನಪುಗಳನ್ನು ಕೂಡಿಡಲು ನೆರವಾಗುವ ಹಿಪೊಕ್ಯಾಂಪಸ್‌ನ ಬಹುಭಾಗವನ್ನೂ ಅದರ ಆಸುಪಾಸಿನ ಭಾಗಗಳನ್ನೂ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಬುದ್ಧಿಗೆ, ಮಾತಿಗೆ ಕುಂದು ಬರಲಿಲ್ಲ. ಬಾಲ್ಯದ ಎಷ್ಟೋ ಸಂಗತಿಗಳು ನೆನಪಿನಲ್ಲಿದ್ದವು. ಆದರೆ ಅಂದಿನಿಂದ ಮುಂದೆ ನಡೆದದ್ದು ಹೆಚ್ಚುಕಡಿಮೆ ಯಾವುದೂ ಮನಸ್ಸಿನಲ್ಲಿ ನಿಲ್ಲದಾಯಿತು.

ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಒಮ್ಮೆ ಅವರಿಗೆ 584 ಎಂಬ ಸಂಖ್ಯೆ ಕೊಟ್ಟು ನೆನಪಿಡಲು ಹೇಳಿದರು. ಮೂರು ಅಂಕಿಗಳನ್ನು ಕೂಡಿದರೆ 17, ಅದರಲ್ಲಿ 8 ಕಳೆದರೆ 9, ಅದನ್ನು ಒಡೆದರೆ 5 ಮತ್ತು 4 ಎಂದು ಮನಸ್ಸಿನಲ್ಲೇ ಲೆಕ್ಕ ತಿರುಗಿಸುತ್ತ ಹೆನ್ರಿ ಅದನ್ನು ಕಾಲು ಗಂಟೆ ಹಿಡಿದಿಟ್ಟುಕೊಂಡರು. ಗಮನ ಬೇರೆಡೆ ಹೊರಳಿದ್ದೇ ತಡ, ಸಂಖ್ಯೆಯೂ ಹೋಯಿತು, ತಮಗೆ ಯಾರೋ ಸಂಖ್ಯೆ ಕೊಟ್ಟಿದ್ದರೆಂಬ ಅರಿವೂ ಹೋಯಿತು. ಒಂದು ಗಳಿಗೆ ಹಿಡಿದಿಡುವ ಶಕ್ತಿ ಬೇರೆ, ಬಹುಕಾಲ ಕಾಪಿಡುವ ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೊಂದು ಪರೀಕ್ಷೆಯಲ್ಲಿ, ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು, ನಕ್ಷತ್ರದ ಜೋಡಿಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕಿತ್ತು. ಮೊದಮೊದಲು ಮೂಲೆಮೂಲೆಯಲ್ಲೂ ತಪ್ಪಿದ ಹೆನ್ರಿ ಮೂರನೆಯ ದಿನಕ್ಕೆ ಬಹಳ ಮಟ್ಟಿಗೆ ಸರಿಯಾಗಿ ಎಳೆದರು. ಹಿಂದೆ ಅದನ್ನು ಮಾಡಿದ್ದೇನೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ‘ಕೈ ಪಳಗಿದೆ’ ಎಂದು ನಾವು ಕನ್ನಡದಲ್ಲಿ ಹೇಳುವುದು ಇದನ್ನೇ. ಈ ಪಳಗುವಿಕೆಗೆ ಹಿಪೊಕ್ಯಾಂಪಸ್ ಬೇಕಾಗಿಲ್ಲ. ಮಿದುಳಿನ ಬೇರೆ ಭಾಗಗಳು ಅದನ್ನು ನೋಡಿಕೊಳ್ಳುತ್ತವೆ.

2008ರಲ್ಲಿ ತೀರಿಕೊಳ್ಳುವವರೆಗೂ ವೈದ್ಯಲೋಕಕ್ಕೆ ಅವರು ಬರೀ ‘ಎಚ್.ಎಂ.’. ಖಾಸಗಿತನ ಕಾಯಲು ಅದು ಅಗತ್ಯವಿತ್ತು, ಒಪ್ಪುತ್ತೇನೆ. ಆದರೆ ಈಗಲೂ ಎರಡಕ್ಷರದಲ್ಲೇ ಮುಗಿಸುವುದು ಸರಿಯಲ್ಲ. ಅರ್ಧ ಶತಮಾನ ಬೇಸರಿಸದೆ ಪರೀಕ್ಷೆಗೆ ಕುಳಿತ ಮನುಷ್ಯನನ್ನು ಹೆಸರು ಹಿಡಿದು ನೆನೆಯಬೇಕು. ದಶಕಗಳ ಕಾಲ ಅವರನ್ನು ಅಭ್ಯಸಿಸಿದ ಸೂಜನ್ ಕಾರ್ಕಿನ್ ಯಾರೆಂದು ಹೆನ್ರಿಗೆ ಹೇಳಲಾಗುತ್ತಿರಲಿಲ್ಲ. ಆದರೂ ಆ ಮುಖ ಪೂರ್ತಿ ಹೊಸದೆನಿಸುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಜೊತೆಗಿದ್ದವರಿರಬೇಕು ಎಂದುಕೊಳ್ಳುತ್ತಿದ್ದರು.