ಯಾವ ಸರ್ಕಲ್, ಸ್ವಾಮಿ?

ಕೈವಾರದ ಮುಳ್ಳನ್ನು ಹಾಳೆಗೆ ಚುಚ್ಚಿ ಪೆನ್ಸಿಲನ್ನು ಒಂದು ಸುತ್ತು ತಿರುಗಿಸಿದರೆ ಮೂಡುವ ಆಕೃತಿಯೇ ವೃತ್ತವೆಂದೂ, ಅದರ ಪರಿಧಿಯ ಮೇಲಿನ ಪ್ರತಿಯೊಂದು ಬಿಂದುವೂ ಕೇಂದ್ರದಿಂದ ಸಮಾನ ದೂರದಲ್ಲಿರುತ್ತದೆಂದೂ ಮೇಷ್ಟ್ರು ಬರೆಸಿದ್ದನ್ನು ನಾನು ಬಹುಕಾಲ ನಂಬಿಕೊಂಡಿದ್ದೆ. ಬೆಂಗಳೂರಿಗೆ ಬಂದ ಮೇಲೆ ಆ ನಂಬಿಕೆ ಸಡಿಲಗೊಂಡಿತು. ಇಲ್ಲಿ ಆನಂದರಾವ್ ಸರ್ಕಲ್ ಎಂದರೆ ಮೇಲ್ಸೇತುವೆ, ಮೇಖ್ರಿ ಸರ್ಕಲ್ ಎಂದರೆ ಕೆಳಸೇತುವೆ. ಬಸವಣ್ಣನವರು ಕುದುರೆಯೇರಿ ನಿಂತಿರುವ ಬಸವೇಶ್ವರ ವೃತ್ತವನ್ನು ಜನ ಈಗಲೂ ಪಕ್ಕದ ಹೋಟೆಲಿನ ಹೆಸರು ಹಿಡಿದು ಚಾಲುಕ್ಯ ಸರ್ಕಲ್ ಎನ್ನುತ್ತಾರೆ. ದುಂಡಗಿರುವ ಸರ್ಕಲನ್ನು ನೋಡಿಯೇ ತೀರಬೇಕೆಂಬ ಹಟವುಳ್ಳವರು ಮೈಸೂರಿಗೆ ಹೋಗಿ, ನಾಲ್ವಡಿಯವರ ಪ್ರತಿಮೆಗೆ ಒಂದು ಪ್ರದಕ್ಷಿಣೆ ಹಾಕಿ ಬರಬಹುದು.

ಕೈವಾರ ಮತ್ತು ಅಳತೆಪಟ್ಟಿಗಳಿಂದಷ್ಟೇ ವೃತ್ತದಷ್ಟೇ ವಿಸ್ತೀರ್ಣದ ಚೌಕವನ್ನು ರಚಿಸುವುದು ಅಸಾಧ್ಯವೆಂದು 1882ರಲ್ಲಿ ಜರ್ಮನಿಯ ಗಣಿತಜ್ಞ ಲಿಂಡೆಮನ್ ಸಾಧಿಸಿ ತೋರಿಸಿದ. ಪಾಪ, ಆತ ಬ್ಯಾರಿಕೇಡ್ ಎಂಬ ಉಪಕರಣವನ್ನು ಕಂಡವನಲ್ಲ. ನಮ್ಮವರು ನಾಲ್ಕು ಬ್ಯಾರಿಕೇಡುಗಳನ್ನು ಎಳೆದು ತಂದು, ನಡುವಿನ ಹುಲ್ಲುಕಟ್ಟೆಯನ್ನು ಒಂದೇ ರಾತ್ರಿಯಲ್ಲಿ ಒಡೆದು, ವೃತ್ತವನ್ನು ಚೌಕ ಮಾಡಿ ಮುಗಿಸಿದರು. ‘ವೃತ್ತ’ ಎಂಬ ಫಲಕವನ್ನು ಮಾತ್ರ ಭಾಷಾಭಿಮಾನದಿಂದ ಹಾಗೆಯೇ ಉಳಿಸಿದರು.

ಇದರಲ್ಲಿ ತಪ್ಪೇನೂ ಇಲ್ಲವೆಂದು ವಾದಿಸಲು ನಮ್ಮ ಛಂದಶ್ಶಾಸ್ತ್ರವೇ ಸಾಕು. ಕಾವ್ಯದಲ್ಲಿ ವೃತ್ತವೆಂದರೆ ನಾಲ್ಕು ಪಾದಗಳುಳ್ಳ ಪದ್ಯದ ಬಗೆ. ಅದು ದುಂಡಗಿರಬೇಕೆಂದು ಯಾವ ಪಂಡಿತನೂ ಹೇಳಿಲ್ಲ. ಅಂದಮೇಲೆ ನಾಲ್ಕು ರಸ್ತೆಗಳು ಬಂದು ಸೇರುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದೆ? ಸಂಜೆ ಆರರ ಹೊತ್ತಿಗೆ ಸಿಗ್ನಲ್ ಕೆಟ್ಟು ನಿಂತಾಗ ಅಡ್ಡದಾರಿಯಿಂದ ನೀರಿನ ಟ್ಯಾಂಕರ್ ನುಗ್ಗಿ ಬರುವ ಭಂಗಿಯನ್ನು ಕಂಡವರಿಗೆ, ಪೂರ್ವಕವಿಗಳು ಒಂದು ವೃತ್ತವನ್ನು ಮದಿಸಿದ ಆನೆಯ ಆಟವೆಂದು ಬಗೆದು ಮತ್ತೇಭವಿಕ್ರೀಡಿತವೆಂದು ಏಕೆ ಕರೆದರೆಂಬುದು ಬೇರೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಅದರ ಪಕ್ಕದಲ್ಲೇ ಸಂದು ಸಿಕ್ಕಿದಲ್ಲಿ ನುಸುಳುವ ಆಟೋದ್ದು ಹುಲಿಯ ಆಟ, ಅಂದರೆ ಶಾರ್ದೂಲವಿಕ್ರೀಡಿತವೆಂಬ ಇನ್ನೊಂದು ವೃತ್ತ. ಪಾದದ ನಡುವೆ ನಿಲ್ಲಬೇಕಾದ ಯತಿಯನ್ನು ಮೀರುವ ಸಲುಗೆ ಕನ್ನಡ ಕವಿಗಳಿಗೆ ಹಿಂದಿನಿಂದಲೂ ಇದ್ದೇ ಇದೆ. ನಮ್ಮ ಸವಾರರು ಅದನ್ನು ಸ್ಟಾಪ್ ಲೈನಿಗೂ ವಿಸ್ತರಿಸಿಕೊಂಡಿದ್ದಾರೆ.

ಸರ್ಕಾರದ ಕೈವಾರವಂತೂ ಇನ್ನೂ ದೊಡ್ಡದು. ದೂರಸಂಪರ್ಕದವರಿಗೂ ಅಂಚೆಯವರಿಗೂ ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕವೇ ಒಂದು ಸರ್ಕಲ್. ಪೊಲೀಸರಿಗೆ ಎರಡು ಮೂರು ಠಾಣೆ ಸೇರಿದರೆ ಒಂದು ಸರ್ಕಲ್. ಅದನ್ನು ನೋಡಿಕೊಳ್ಳುವವರು ವೃತ್ತ ನಿರೀಕ್ಷಕರು, ವಯಸ್ಸಾದ ಮೇಲೆ ನಿವೃತ್ತ ನಿರೀಕ್ಷಕರು. ಇನ್ನು ನಿಜವಾಗಿಯೂ ದುಂಡಗಿರಬೇಕಾದ ಪೆರಿಫೆರಲ್ ರಿಂಗ್ ರಸ್ತೆ ಎರಡು ದಶಕಗಳಿಂದ ನಕ್ಷೆಯಲ್ಲೇ ಸುತ್ತುತ್ತಿದೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಸುಮಾರು 73 ಕಿಲೋಮೀಟರಿನ ಈ ಉಂಗುರ ಪೂರ್ತಿಯಾದರೂ ಅರ್ಧವೃತ್ತವೇ. ಆದ್ದರಿಂದಲೋ ಏನೋ, ಇತ್ತೀಚೆಗೆ ಅದರ ಹೆಸರಿನಿಂದ ರಿಂಗನ್ನೇ ತೆಗೆದು ಬಿಸಿನೆಸ್ ಕಾರಿಡಾರ್ ಎಂದಿದ್ದಾರೆ. ಈ ಇಂಗ್ಲಿಷ್ ಬಳಗದಲ್ಲಿ ನಮಗೆ ಒಪ್ಪವಾಗಿ ದಕ್ಕಿದ್ದು ಸರ್ಕ್ಯುಲರ್ ಒಂದೇ. ಅದನ್ನು ಸುತ್ತೋಲೆ ಎಂದು ಕನ್ನಡಿಸಿದ ಪುಣ್ಯಾತ್ಮರಿಗೆ ಕಚೇರಿಗಳ ಒಳಗುಟ್ಟು ಚೆನ್ನಾಗಿ ಗೊತ್ತಿದ್ದಿರಬೇಕು, ಏಕೆಂದರೆ ಸುತ್ತುವುದು ಓಲೆಯಲ್ಲ, ಅದನ್ನು ನಂಬಿ ಹೋದವನು.

ನಾನು ಹೋದದ್ದು ಒಂದು ಮ್ಯಾನ್‌ಹೋಲ್ ಮುಚ್ಚಳಕ್ಕಾಗಿ. ನಮ್ಮ ಬಡಾವಣೆಯಲ್ಲಿ ಮೂರು ರಸ್ತೆ ಕೂಡುವ ಕಡೆ, ಒಂದು ಧ್ವಜಸ್ತಂಭ, ಒಂದು ಟೀ ಅಂಗಡಿ ಮತ್ತು ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸುಗಳಿರುವ ಜಾಗಕ್ಕೆ ಸರ್ಕಲ್ ಎಂದು ಹೆಸರು. ಅಲ್ಲಿ ದುಂಡಗಿದ್ದ ಏಕೈಕ ವಸ್ತು ಆ ಮುಚ್ಚಳ, ಅದೂ ಒಂದು ಮುಂಜಾನೆ ಕಾಣೆಯಾಯಿತು. ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ.

“ಯಾವ ಸರ್ಕಲ್, ಸ್ವಾಮಿ?” ಎಂದರು ಗುಮಾಸ್ತರು.

ನಾನು ಟೀ ಅಂಗಡಿಯ ಗುರುತು ಹೇಳಿದೆ.

“ಆ ಸರ್ಕಲ್ ಅಲ್ಲ ಸಾರ್, ನೀವು ಯಾವ ಸರ್ಕಲ್‌ಗೆ ಬರ್ತೀರಿ ಅಂತ ಕೇಳಿದ್ದು. ಆ ಸರ್ಕಲ್ ನಮ್ಮ ಸರ್ಕಲ್‌ಗೆ ಬರೋದಿಲ್ಲ.”

ಅವರು ತೋರಿಸಿದ ಎರಡನೆಯ ಕಚೇರಿಯಲ್ಲಿ, ರಸ್ತೆಯ ಎಡಬದಿ ಮಾತ್ರ ತಮ್ಮದೆಂದರು. ಮೂರನೆಯದರಲ್ಲಿ ಒಂದು ಸುತ್ತೋಲೆಯನ್ನು ತೆಗೆದು ತೋರಿಸಿ, ಅದರ ಪ್ರಕಾರ ಇಂಥ ಅರ್ಜಿಗಳನ್ನು ಮೊದಲನೆಯ ಕಚೇರಿಯೇ ಸ್ವೀಕರಿಸಬೇಕೆಂದು ಸೌಜನ್ಯದಿಂದಲೇ ತಿಳಿಸಿದರು. ಮೊದಲನೆಯ ಕಚೇರಿಗೆ ಮರಳುವಷ್ಟರಲ್ಲಿ ಊಟದ ವೇಳೆಯಾಗಿತ್ತು.

ಸಂಜೆ ಮನೆಗೆ ಬರುವಾಗ ನೋಡಿದರೆ, ಟೀ ಅಂಗಡಿಯವನು ಆ ಗುಂಡಿಯ ನಟ್ಟನಡುವೆ ಒಂದು ಹೊಂಗೆಯ ಕೊಂಬೆಯನ್ನು ನಿಲ್ಲಿಸಿ, ಸುತ್ತ ಆರು ಇಟ್ಟಿಗೆಗಳನ್ನು ಒಂದೇ ದೂರದಲ್ಲಿ ಜೋಡಿಸಿದ್ದ. ಮೂರೂ ಕಡೆಯಿಂದ ಬಂದ ವಾಹನಗಳು ವೇಗ ತಗ್ಗಿಸಿ, ಕೊಂಬೆಯನ್ನು ಬಲಕ್ಕೆ ಬಿಟ್ಟು, ಒಂದರ ಹಿಂದೆ ಒಂದು ದುಂಡಗೆ ಸುತ್ತಿಕೊಂಡು ಹೋಗುತ್ತಿದ್ದವು.