ಡಬ್ಬಕ್ಕೆ ಬೀಳದ ಕಾಗದ

ನನ್ನ ಫೋನಿನಲ್ಲಿ ಟೈಪ್ ಮಾಡಿ ಕಳಿಸದೆ ಬಿಟ್ಟ ಮೆಸೇಜುಗಳೇ ಜಾಸ್ತಿ. ಸಿಟ್ಟು ಬಂದಾಗ ಬೆರಳು ಓಡುತ್ತದೆ. ಕಳಿಸುವ ಹೊತ್ತಿಗೆ ಸುಮ್ನೆ ನಿಂತುಬಿಡುತ್ತದೆ. ಇದು ಹೇಡಿತನ ಅಲ್ವಾ ಎಂಬ ಅನುಮಾನ ನನಗೆ ಬಹಳ ದಿನ ಇತ್ತು. ಬೆಂಜಮಿನ್ ಫ್ರಾಂಕ್ಲಿನ್‌ನ ಒಂದು ಕಾಗದ ಓದಿದ ಮೇಲೆ ಸ್ವಲ್ಪ ಧೈರ್ಯ ಬಂದಿದೆ.

ಗಾಳಿಪಟ ಹಾರಿಸಿ ಮಿಂಚು ಹಿಡಿದ ಫ್ರಾಂಕ್ಲಿನ್ ಎಲ್ಲರಿಗೂ ಗೊತ್ತು. ನನಗೆ ಇಷ್ಟ ಕಾಗದ ಬರೆಯುವ ಫ್ರಾಂಕ್ಲಿನ್. 1722ರಲ್ಲಿ, ಹದಿನಾರರ ಹುಡುಗ, ಬಾಸ್ಟನ್‌ನಲ್ಲಿ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದ. ತಮ್ಮ ಬರೆದದ್ದೆಂದರೆ ಅಣ್ಣ ತನ್ನ ಪತ್ರಿಕೆಯಲ್ಲಿ ಹಾಕುತ್ತಾನೆಯೇ? ಸೈಲೆನ್ಸ್ ಡೂಗುಡ್ ಎಂಬ ವಿಧವೆಯ ಹೆಸರಿನಲ್ಲಿ ಬರೆದು, ರಾತ್ರಿ ಬಾಗಿಲ ಕೆಳಗೆ ತೂರಿಸಿದ. ಬರೆದವರು ಯಾರಿರಬಹುದೆಂದು ಅಣ್ಣನ ಗೆಳೆಯರು ಊರಿನ ದೊಡ್ಡ ಹೆಸರುಗಳನ್ನೆಲ್ಲ ಊಹಿಸುತ್ತಿದ್ದರೆ, ಹುಡುಗ ಅಲ್ಲೇ ಇದ್ದು ಕೇಳಿಸಿಕೊಳ್ಳುತ್ತಿದ್ದ. ಅಂಥ 14 ಕಾಗದಗಳು ಅಚ್ಚಾದವು! ಮುಂದೆ ಫಿಲಡೆಲ್ಫಿಯಾದಲ್ಲಿ ಸ್ವಂತ ಪತ್ರಿಕೆ ನಡೆಸಿದಾಗಲೂ ಚಾಳಿ ಬಿಡಲಿಲ್ಲ. ಸಂಪಾದಕನೂ ಅವನೇ, ಸಂಪಾದಕರಿಗೆ ಕಾಗದ ಬರೆಯುವ ಓದುಗನೂ ಅವನೇ.

ನಾನು ಹೇಳಹೊರಟ ಕಾಗದ ಬೇರೆ. ವಿಲಿಯಂ ಸ್ಟ್ರಾನ್ ಲಂಡನ್ನಿನ ಮುದ್ರಕ. ಮುಖ ನೋಡುವ ಮೊದಲೇ ಇಬ್ಬರಿಗೂ ಕಾಗದದಲ್ಲೇ ವರ್ಷಗಟ್ಟಲೆ ಗೆಳೆತನ. ಬೀಗರಾಗುವ ಮಾತೂ ಒಮ್ಮೆ ಬಂದಿತ್ತು. 1775ರ ಹೊತ್ತಿಗೆ ಬ್ರಿಟನ್ನಿಗೂ ಅದರ ಅಮೆರಿಕದ ವಸಾಹತುಗಳಿಗೂ ಯುದ್ಧ ಶುರುವಾಯಿತು. ಫ್ರಾಂಕ್ಲಿನ್ ಅಮೆರಿಕದ ಕಡೆ, ಸ್ಟ್ರಾನ್ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ರಾಜನ ಕಡೆ. ಜುಲೈ 5ರಂದು ಫ್ರಾಂಕ್ಲಿನ್ ಬರೆದ: ನಿಮ್ಮ ಕೈ ನೋಡಿಕೊಳ್ಳಿ, ನಿಮ್ಮವರದ್ದೇ ರಕ್ತ ಮೆತ್ತಿದೆ. ನಾವು ಬಹಳ ಕಾಲದ ಗೆಳೆಯರು. ಈಗ ನೀವು ನನ್ನ ಶತ್ರು, ನಾನು

ಇಂತಿ ನಿಮ್ಮ,
ಬಿ. ಫ್ರಾಂಕ್ಲಿನ್.

ಎಂಥಾ ಕಿಲಾಡಿ! ವಾಡಿಕೆಯ ಸಹಿಯನ್ನೇ ಬೈಗುಳದ ಕೊನೆಯ ಏಟು ಮಾಡಿದ್ದಾನೆ. ನಾನಾಗಿದ್ದರೆ ಇಷ್ಟು ಚೆನ್ನಾಗಿ ಬಂದ ವಾಕ್ಯದ ಆಸೆಗಾದರೂ ಕಳಿಸಿಬಿಡುತ್ತಿದ್ದೆ. ಅವನು ಕಳಿಸಲಿಲ್ಲ. ಮೂರು ವಾರ ಕಳೆದು, ಜುಲೈ 26ಕ್ಕೆ, ಆ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅವನನ್ನೇ ಅಂಚೆಯ ಮುಖ್ಯಸ್ಥನನ್ನಾಗಿ ಮಾಡಿತು. ಊರವರ ಕಾಗದವೆಲ್ಲ ಅವನ ಜವಾಬ್ದಾರಿ, ತನ್ನದು ಮಾತ್ರ ಮನೆಯಲ್ಲೇ.

ಯುದ್ಧ ಮುಗಿದ ಮೇಲೆ, 1784ರಲ್ಲಿ, ಪ್ಯಾರಿಸ್ ಪಕ್ಕದ ಪಾಸಿಯಿಂದ ಅದೇ ಸ್ಟ್ರಾನ್‌ಗೆ ಬರೆದ. ಅಚ್ಚುಕೂಟದ ಕೂಲಿ ಕೆಲಸದಿಂದ ನಮ್ಮಿಬ್ಬರಷ್ಟು ಮೇಲೆ ಬಂದವರು ಬೇರೆ ಇಲ್ಲ ಎಂದು ನೀವು ಒಮ್ಮೆ ಹೇಳಿದ್ದು ನೆನಪಿದೆ, ಅಂದ. ಆ ಮಾತಾಡುವಾಗ ಇಬ್ಬರೂ ಜೊತೆಗೆ ಕೂತಿದ್ದದ್ದು ಅದೇ ಪಾರ್ಲಿಮೆಂಟಿನಲ್ಲಿ.

ಈ ಕಾಗದ ಮಾತ್ರ ಅಂಚೆಗೆ ಬಿತ್ತು.